ಈ ಕ್ಷಣದ ಗುರುಗಳಿಗೂ ನಿನ್ನೆ ಅನ್ನೋದು ಇದೆ

(ಭಾನುವಾರದ ಓದುಬಳಗದಲ್ಲಿ ಆಡಿದ ಮಾತಿನ ಬರಹ ರೂಪ)

ಇಲ್ಲಿ ಕೂತಿರುವವರಲ್ಲಿ ಸುಮಾರು ಜನ ಒಂದಲ್ಲ ಒಂದು ಧ್ಯಾನ ಶಿಬಿರಕ್ಕೆ ಹೋಗಿ ಬಂದವರು. ಇನ್ನು ಕೆಲವರು ಹೋಗೋಣವೋ ಬೇಡವೋ ಎಂದು ಯೋಚಿಸುತ್ತಿರುವವರು. ಇಬ್ಬರೂ ನನ್ನನ್ನು ಕೇಳುವುದು ಒಂದೇ ಮಾತು: ‘ಯಾರ ಹತ್ತಿರ ಹೋದರೆ ಒಳ್ಳೆಯದು?’ ನೋಡುವುದಕ್ಕೆ ಒಂದು ಪ್ರಶ್ನೆ, ಒಳಗೆ ಎರಡಿವೆ. ಈ ಕ್ಷಣದಲ್ಲಿ ಎಚ್ಚರವಾಗಿರುವುದು ಅನ್ನುತ್ತಾರಲ್ಲ, ಅದರಲ್ಲಿ ನಿಜವಾಗಿ ಏನಾದರೂ ಇದೆಯಾ? ಇದು ಮೊದಲನೆಯದು. ಅದನ್ನು ಕಲಿಸುತ್ತಿರುವ ಈ ಮನುಷ್ಯನನ್ನು ನಂಬಬಹುದಾ? ಇದು ಎರಡನೆಯದು. ಮೊದಲನೆಯದಕ್ಕೆ ಹೌದು ಅಂತ ಉತ್ತರ ಸಿಕ್ಕ ಕೂಡಲೇ ನಾವು ಎರಡನೆಯದಕ್ಕೂ ಹೌದು ಅಂದುಬಿಡುತ್ತೇವೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಮೊದಲನೆಯದನ್ನು ಈಗಲೇ ನೋಡಿಬಿಡೋಣ. ಕಣ್ಣು ಮುಚ್ಚುವುದು ಬೇಡ, ಬೆನ್ನು ನೆಟ್ಟಗೆ ಮಾಡಿಕೊಳ್ಳುವುದೂ ಬೇಡ. ಮೇಲೆ ಫ್ಯಾನ್ ತಿರುಗುತ್ತಿದೆ. ಅದರ ಸದ್ದನ್ನು ಒಂದು ನಿಮಿಷ ಸುಮ್ನೆ ಕೇಳಿ. ಗಾಳಿಯ ಸದ್ದಿನ ನಡುವೆ ಒಂದು ಸಣ್ಣ ಟಕ್ ಟಕ್ ಇದೆ, ಅದನ್ನೂ ಕೇಳಿ.

ಆಯ್ತು. ಎಷ್ಟು ಹೊತ್ತು ಫ್ಯಾನಿನ ಜೊತೆ ಇದ್ದಿರಿ? ಬಹಳ ಹೊತ್ತು ಇದ್ದಿರಲಿಕ್ಕಿಲ್ಲ. ಮಗನ ಫೀಸು, ಬುಕ್ ಮಾಡಬೇಕಾದ ಗ್ಯಾಸು, ಪಕ್ಕದವರ ಕೆಮ್ಮು, ಎಲ್ಲ ಬಂದು ಹೋಗಿರಬೇಕು. ಅದೇನೂ ತಪ್ಪಲ್ಲ. ‘ಅಯ್ಯೋ, ಎಲ್ಲಿಗೋ ಹೋಗಿಬಿಟ್ಟೆನಲ್ಲ’ ಅಂತ ಹೊಳೆದ ಒಂದು ಗಳಿಗೆ ಇತ್ತಲ್ಲ, ನೋಡಬೇಕಾದ್ದು ಅದನ್ನೇ. ಆ ಗಳಿಗೆಯಲ್ಲಿ ಫೀಸಿನ ಚಿಂತೆ ಹೋಗಿರಲಿಲ್ಲ. ಆದರೆ ಅದು ನಿಮ್ಮನ್ನು ಎಳೆದುಕೊಂಡು ಹೋಗುತ್ತಿರಲಿಲ್ಲ. ನೀವು ಅದನ್ನು ನೋಡುತ್ತಿದ್ದಿರಿ. ಸಾವಿರಾರು ರೂಪಾಯಿ ಕೊಟ್ಟು ಶಿಬಿರದಲ್ಲಿ ಕಲಿಯುವುದರ ಮೊದಲ ಪಾಠ ಇದೇ. ಇದಕ್ಕೆ ದುಡ್ಡೂ ಬೇಡ, ದೀಕ್ಷೆಯೂ ಬೇಡ.

ಎರಡೂವರೆ ಸಾವಿರ ವರ್ಷದ ಹಿಂದೆ ಬುದ್ಧ ಹೇಳಿದ್ದೂ ಇಷ್ಟೇ ಸರಳವಾಗಿತ್ತು. ಉಸಿರು ಉದ್ದ ಎಳೆದಾಗ ಉದ್ದ ಎಳೆದೆ ಅಂತ ತಿಳಿ. ಗಿಡ್ಡ ಎಳೆದಾಗ ಗಿಡ್ಡ ಅಂತ ತಿಳಿ. ನಡೆಯುವಾಗ, ಕೂರುವಾಗ, ಉಣ್ಣುವಾಗ, ಕಡೆಗೆ ಮಲಮೂತ್ರಕ್ಕೆ ಹೋದಾಗಲೂ ಎಚ್ಚರವಾಗಿರು. ಸತಿಪಟ್ಠಾನ, ಅಂದರೆ ಎಚ್ಚರವನ್ನು ನೆಲೆಗೊಳಿಸುವ ಉಪದೇಶದಲ್ಲಿ ಇದೆಲ್ಲ ಹಾಗೇ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್-ಝಿನ್ 1979ರಲ್ಲಿ ಇದನ್ನೇ ತೆಗೆದುಕೊಂಡು, ದೇವರು, ಪುನರ್ಜನ್ಮ ಯಾವುದೂ ಇಲ್ಲದೆ, ವಾಸಿಯಾಗದ ನೋವಿದ್ದ ರೋಗಿಗಳಿಗೆ ಎಂಟು ವಾರದ ತರಬೇತಿ ಮಾಡಿದರು. ಇವತ್ತು ಐಟಿ ಕಂಪನಿಗಳಲ್ಲಿ ಮಧ್ಯಾಹ್ನ ಹೇಳಿಕೊಡುವ ಧ್ಯಾನದ ಬೇರು ಬಹುಪಾಲು ಅಲ್ಲಿದೆ.

ನಮ್ಮಲ್ಲಿ ಜಾಸ್ತಿ ಜನ ಹೋಗುವುದು ವಿಪಶ್ಯನ ಶಿಬಿರಕ್ಕೆ. ಬೆಂಗಳೂರಿನ ಹೊರಗೆ ಧಮ್ಮ ಪಫುಲ್ಲ ಎಂಬ ಕೇಂದ್ರ ಇದೆ, ಇಲ್ಲಿಂದಲೂ ಕೆಲವರು ಹೋಗಿದ್ದೀರಿ. ಹತ್ತು ದಿನ ಮೌನ. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ. ಫೋನ್ ಇಲ್ಲ, ಪುಸ್ತಕ ಇಲ್ಲ. ಮೊದಲ ಮೂರು ದಿನ ಮೂಗಿನ ತುದಿಯಲ್ಲಿ ಉಸಿರು ಬಂದು ಹೋಗುವುದನ್ನು ನೋಡುವುದು ಬಿಟ್ಟರೆ ಬೇರೆ ಕೆಲಸವೇ ಇಲ್ಲ. ಮೂರನೆಯ ದಿನದ ಹೊತ್ತಿಗೆ ಮೊಣಕಾಲು ಎಷ್ಟು ನೋಯುತ್ತದೆ ಅಂತ ಹೋದವರನ್ನೇ ಕೇಳಿ. ಈ ಪದ್ಧತಿಯನ್ನು 1969ರಲ್ಲಿ ಬರ್ಮಾದಿಂದ ಭಾರತಕ್ಕೆ ತಂದವರು ಎಸ್. ಎನ್. ಗೋಯೆಂಕಾ. ಮಾಂಡಲೆಯಲ್ಲಿ ಹುಟ್ಟಿದ ವ್ಯಾಪಾರಿ. ತಡೆಯಲಾರದ ತಲೆನೋವಿಗೆ ಮದ್ದು ಹುಡುಕುತ್ತಾ 1955ರಲ್ಲಿ ಊ ಬಾ ಖಿನ್ ಎಂಬ ಗುರುವಿನ ಹತ್ತಿರ ಹೋದರು. ಬರೀ ತಲೆನೋವಿಗಾದರೆ ಇಲ್ಲಿಗೆ ಬರಬೇಡ ಅಂದರಂತೆ ಆ ಗುರು. ಅವರು ಏನು ಕೆಲಸದಲ್ಲಿದ್ದರು ಗೊತ್ತಾ? ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್. ಹಗಲು ಸರ್ಕಾರದ ಲೆಕ್ಕ ನೋಡುತ್ತಿದ್ದ ಮನುಷ್ಯ. ಈ ಲೆಕ್ಕದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇನ್ನೊಂದು ದಾರಿಯವರು ಅಭ್ಯಾಸ ಮಾಡಿ ಮಾಡಿ ತಲುಪಿದವರಲ್ಲ. ಅವರಿಗೆ ಒಂದೇ ಸಲಕ್ಕೆ ಆಗಿಬಿಟ್ಟಿತು. ರಮಣ ಮಹರ್ಷಿಗಳಿಗೆ 1896ರಲ್ಲಿ ಮಧುರೆಯ ಮನೆಯ ಮಹಡಿಯಲ್ಲಿ ಸಾವಿನ ಭಯ ಬಂತು. ಆಗ ಅವರಿಗೆ 16 ವರ್ಷ. ಹುಡುಗ ಹೆದರಿ ಓಡಲಿಲ್ಲ. ಹೆಣದ ಹಾಗೆ ಮಲಗಿ, ಸಾಯುವುದು ಯಾರು ಅಂತ ನೋಡಿದ. ಅದೇ ವರ್ಷ ತಿರುವಣ್ಣಾಮಲೈಗೆ ಹೋದವರು 1950ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಂದ ಕದಲಲಿಲ್ಲ. ಜರ್ಮನಿಯಲ್ಲಿ ಹುಟ್ಟಿದ ಎಕಾರ್ಟ್ ಟೋಲಿ ಹೇಳುವುದೂ ಇಂಥದ್ದೇ ಕಥೆ. 1977ರಲ್ಲಿ, 29ನೇ ವಯಸ್ಸಿನಲ್ಲಿ, ಖಿನ್ನತೆ ಮಿತಿಮೀರಿದ ಒಂದು ರಾತ್ರಿ ಒಳಗೇನೋ ಕಳಚಿಬಿತ್ತು. ಆಮೇಲೆ ಬಹಳ ಕಾಲ ಲಂಡನ್ನಿನ ಪಾರ್ಕಿನ ಬೆಂಚುಗಳ ಮೇಲೆ ಸುಮ್ಮನೆ ಕೂತಿರುತ್ತಿದ್ದೆ ಅನ್ನುತ್ತಾರೆ. ‘ಈಗ’ ಎಂಬ ಮಾತನ್ನು ನಮ್ಮ ಕಾಲದಲ್ಲಿ ಜಗತ್ತಿಗೆಲ್ಲ ಹಬ್ಬಿಸಿದವರಲ್ಲಿ ಅವರು ಮೊದಲಿಗರು.

ಇವರ ಅನುಭವ ಸುಳ್ಳು ಅಂತ ಹೇಳಲು ನನಗೆ ಯಾವ ಆಧಾರವೂ ಇಲ್ಲ, ಹೇಳುವ ಆಸೆಯೂ ಇಲ್ಲ. ಆದರೆ ಒಂದನ್ನು ಗಮನಿಸಿ. ಆ ರಾತ್ರಿ ಏನಾಯಿತು ಅನ್ನುವುದು ಅವರೊಬ್ಬರಿಗೇ ಗೊತ್ತು. ನಮಗೆ ಕಾಣುವುದು ಆಮೇಲಿನ ವರ್ಷಗಳು. ಅನ್ನ ಬೆಂದಿದೆಯಾ ಅಂತ ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ಮನುಷ್ಯನ ವಿಷಯದಲ್ಲಿ ಒಂದು ಅಗುಳು ಸಾಲದು. ಆದರೂ ನಾವು ಒಂದು ಸತ್ಸಂಗ, ಒಂದು ವಿಡಿಯೊ, ಒಂದು ಶಾಂತವಾದ ಮುಖ ನೋಡಿ ತೀರ್ಮಾನಿಸಿಬಿಡುತ್ತೇವೆ.

ಪಾಲಿ ಸುತ್ತಗಳಲ್ಲಿ, ಅಂದರೆ ಬುದ್ಧನ ಉಪದೇಶಗಳ ಹಳೆಯ ಸಂಗ್ರಹದಲ್ಲಿ, ಒಂದು ಪ್ರಸಂಗ ಬರುತ್ತದೆ. ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ವಿಷಯದಲ್ಲಿ ಇದಕ್ಕಿಂತ ಹದವಾದ ಮಾತನ್ನು ನಾನು ಎಲ್ಲೂ ಓದಿಲ್ಲ. ಶ್ರಾವಸ್ತಿಯ ಹೊರಗೆ, ವಿಶಾಖೆ ಎಂಬ ಭಕ್ತೆ ಕಟ್ಟಿಸಿಕೊಟ್ಟ ವಿಹಾರದಲ್ಲಿ ಬುದ್ಧ ಇಳಿದುಕೊಂಡಿದ್ದಾನೆ. ಸಂಜೆ ಬಾಗಿಲ ಹೊರಗೆ ಬಂದು ಕೂತಿದ್ದಾನೆ. ಕೋಸಲದ ರಾಜ ಪಸೇನದಿ, ನಾವು ಪ್ರಸೇನಜಿತ್ ಅನ್ನುತ್ತೇವಲ್ಲ ಅವನು, ಬಂದು ಪಕ್ಕದಲ್ಲಿ ಕೂರುತ್ತಾನೆ. ಅದೇ ಹೊತ್ತಿಗೆ ದಾರಿಯಲ್ಲಿ ಸನ್ಯಾಸಿಗಳ ಒಂದು ಗುಂಪು ಹಾದುಹೋಗುತ್ತದೆ. ಏಳು ಜನ ಜಟಾಧಾರಿಗಳು, ಏಳು ಜನ ನಿಗಂಠರು ಅಂದರೆ ಜೈನ ಮುನಿಗಳು, ಏಳು ಜನ ಬೆತ್ತಲೆ ಸಾಧುಗಳು, ಏಳು ಜನ ಒಂದೇ ಬಟ್ಟೆಯವರು, ಏಳು ಜನ ಪರಿವ್ರಾಜಕರು. ಉದ್ದುದ್ದ ಉಗುರು, ಕಂಕುಳಲ್ಲಿ ಬೆಳೆದ ಕೂದಲು, ಹೆಗಲ ಮೇಲೆ ಗಂಟು. ರಾಜ ಎದ್ದು, ಮೇಲುವಸ್ತ್ರ ಸರಿಮಾಡಿಕೊಂಡು, ಬಲ ಮೊಣಕಾಲು ನೆಲಕ್ಕೂರಿ, ಕೈಮುಗಿದು ‘ನಾನು ಕೋಸಲದ ರಾಜ ಪಸೇನದಿ’ ಅಂತ ಮೂರು ಸಲ ಹೇಳುತ್ತಾನೆ. ಅವರು ಹೋದ ಮೇಲೆ ಬುದ್ಧನ ಹತ್ತಿರ ಬಂದು, ‘ಲೋಕದಲ್ಲಿ ಅರಹಂತರು, ಅಂದರೆ ಪೂರ್ತಿ ಬಿಡುಗಡೆ ಪಡೆದವರು, ಅಂತ ಯಾರಾದರೂ ಇದ್ದರೆ ಇವರೂ ಅವರಲ್ಲಿ ಸೇರಿದವರು’ ಅನ್ನುತ್ತಾನೆ.

ಬುದ್ಧ ಹೌದು ಅನ್ನುವುದಿಲ್ಲ, ಅಲ್ಲ ಅಂತಲೂ ಅನ್ನುವುದಿಲ್ಲ. ‘ಮಹಾರಾಜ, ನೀನು ಸಂಸಾರಸ್ಥ. ಮಕ್ಕಳೊಂದಿಗ, ಕಾಶಿಯ ಗಂಧ ಪೂಸಿಕೊಳ್ಳುವವನು. ಇವರು ಅರಹಂತರೋ ಅಲ್ಲವೋ ಅಂತ ತಿಳಿಯುವುದು ನಿನಗೆ ಕಷ್ಟ’ ಅನ್ನುತ್ತಾನೆ. ಹಾಗಾದರೆ ತಿಳಿಯುವುದು ಹೇಗೆ? ಒಬ್ಬನ ಶೀಲ ಗೊತ್ತಾಗುವುದು ಜೊತೆಯಲ್ಲಿ ಬದುಕಿದಾಗ. ಪ್ರಾಮಾಣಿಕತೆ ಗೊತ್ತಾಗುವುದು ವ್ಯವಹಾರ ಮಾಡಿದಾಗ. ಗಟ್ಟಿತನ ಗೊತ್ತಾಗುವುದು ಕಷ್ಟ ಬಂದಾಗ. ತಿಳಿವಳಿಕೆ ಗೊತ್ತಾಗುವುದು ಮಾತುಕತೆಯಲ್ಲಿ. ಅದೂ ನಾಲ್ಕು ದಿನದಲ್ಲಲ್ಲ, ಬಹಳ ಕಾಲದ ಮೇಲೆ. ಅದೂ ಗಮನ ಇಟ್ಟು ನೋಡುವವನಿಗೆ ಮಾತ್ರ.

ಆಗ ರಾಜ ನಿಜ ಹೇಳುತ್ತಾನೆ. ‘ಸ್ವಾಮಿ, ಅವರೆಲ್ಲ ನನ್ನ ಗೂಢಚಾರರು. ನಾಡೆಲ್ಲ ಸುತ್ತಿ ಸುದ್ದಿ ತಂದಿದ್ದಾರೆ. ಈಗ ಹೋಗಿ ಧೂಳು ತೊಳೆದು, ಸ್ನಾನ ಮಾಡಿ, ಗಡ್ಡ ಒಪ್ಪ ಮಾಡಿಸಿಕೊಂಡು, ಬಿಳಿ ಬಟ್ಟೆ ಉಟ್ಟು ಸುಖವಾಗಿ ಇರುತ್ತಾರೆ.’

ಬುದ್ಧನಿಗೆ ಮೊದಲೇ ಗೊತ್ತಿತ್ತಾ? ಕಥೆ ಅದನ್ನು ಹೇಳುವುದಿಲ್ಲ. ನನಗೆ ಮುಖ್ಯ ಅನ್ನಿಸುವುದು ಬೇರೆ. ಅವನು ಆ ಸಾಧುಗಳ ಮುಖ ನೋಡಿ, ತೇಜಸ್ಸು ನೋಡಿ ಏನೂ ಹೇಳಲಿಲ್ಲ. ಅಂತರ್ದೃಷ್ಟಿಯಿಂದ ತಿಳಿದುಕೋ ಅಂತ ರಾಜನಿಗೂ ಹೇಳಲಿಲ್ಲ. ನಾವು ನೀವೆಲ್ಲ ಮಾಡಬಹುದಾದ ನಾಲ್ಕು ಕೆಲಸ ಹೇಳಿದ. ಇನ್ನೊಂದು ಕಡೆ ಇದೇ ಪರೀಕ್ಷೆಯನ್ನು ತನ್ನ ಮೇಲೇ ಮಾಡಿ ಅನ್ನುತ್ತಾನೆ. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು, ಎರಡನ್ನೂ ಇಟ್ಟುಕೊಂಡು ತಥಾಗತನನ್ನು ಪರೀಕ್ಷಿಸಿ. ಹೆಸರು ಬಂದ ಮೇಲೆ ಇವನಲ್ಲಿ ಏನಾದರೂ ಕೆಡುಕು ಸೇರಿದೆಯಾ ನೋಡಿ, ಕೆಲವು ಕೆಡುಕುಗಳು ಹೆಸರು ಬರುವವರೆಗೆ ತಲೆ ಎತ್ತುವುದೇ ಇಲ್ಲ ಅನ್ನುತ್ತಾನೆ. ಎಷ್ಟು ನಿಜವಾದ ಮಾತು!

ಜೊತೆಯಲ್ಲಿ ಬದುಕುವುದು ಅಂದರೆ ಏನು ಅಂತ ರಮಣರ ಆಶ್ರಮದ ಅಡುಗೆಮನೆಯಲ್ಲಿ ನೋಡಬಹುದು. ಬೆಳಕು ಹರಿಯುವ ಮೊದಲೇ ಮಹರ್ಷಿಗಳು ಅಡುಗೆಮನೆಗೆ ಬಂದು ತರಕಾರಿ ಹೆಚ್ಚುತ್ತಿದ್ದರು, ಚಟ್ನಿ ರುಬ್ಬುತ್ತಿದ್ದರು. ಪಂಕ್ತಿಯಲ್ಲಿ ತಮಗೊಂದು, ಬೇರೆಯವರಿಗೊಂದು ಬಡಿಸಿದರೆ ಒಪ್ಪುತ್ತಿರಲಿಲ್ಲ. ಅಡುಗೆಯವರು ಪ್ರೀತಿಯಿಂದ ಒಂದು ಸೌಟು ಜಾಸ್ತಿ ಹಾಕಿದರೂ ಗದರುತ್ತಿದ್ದರು. ಅವರು ಮಲಗುವ, ಕೂರುವ, ಜನರನ್ನು ನೋಡುವ ಜಾಗ ಒಂದೇ ಹಾಲ್. ಯಾರು ಯಾವಾಗ ಬೇಕಾದರೂ ಬರಬಹುದಿತ್ತು. 1924ರಲ್ಲಿ ಕಳ್ಳರು ನುಗ್ಗಿ ಅವರ ತೊಡೆಗೆ ಹೊಡೆದರು. ‘ಸಾಲದಿದ್ದರೆ ಇನ್ನೊಂದು ಕಾಲಿಗೂ ಹೊಡಿ’ ಅಂದರಂತೆ. ಕಷ್ಟ ಬಂದಾಗಿನ ಗಟ್ಟಿತನ ಅಂದರೆ ಇದೇ ಅಲ್ವಾ? ಹಾಗಂತ ಅಲ್ಲಿ ಎಲ್ಲವೂ ಸ್ವರ್ಗವಾಗಿತ್ತು ಅಂತ ತಿಳಿಯಬೇಡಿ. ಆಶ್ರಮದ ಆಡಳಿತದ ವಿಷಯ ಕೋರ್ಟಿಗೂ ಹೋಗಿತ್ತು. ಆದರೆ ಐವತ್ತು ವರ್ಷ ಬಾಗಿಲು ತೆರೆದಿಟ್ಟು ಬದುಕಿದ ಮನುಷ್ಯನನ್ನು ಜನ ಹಗಲೂ ರಾತ್ರಿ ನೋಡಿದ್ದಾರೆ. ನೋಡಿದ್ದನ್ನು ಬರೆದಿಟ್ಟಿದ್ದಾರೆ.

ವ್ಯವಹಾರದ ಮಾತಿಗೆ ನಾವು ದೂರ ಹೋಗಬೇಕಾಗಿಲ್ಲ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ನಿಮಗೆಲ್ಲ ಗೊತ್ತು. ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ನಾವಾಗಿದ್ದರೆ ಖುಷಿಪಡುತ್ತಿದ್ದೆವು. ಲಕ್ಕಮ್ಮ ‘ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?’ ಅಂದಳು. ‘ಈಸಕ್ಕಿಯಾಸೆ ನಿಮಗೇಕೆ?’ ಅಂತ ಕೇಳಿ, ಹೋಗಿ ಅಲ್ಲೇ ಸುರಿದು ಬಾ ಅಂತ ಕಳಿಸಿದಳು. ಎಲ್ಲ ಕಾಲದ ಗುರುಗಳ ಮನೆಯಲ್ಲೂ ಇಂಥ ಒಬ್ಬರು ಇರಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ‘ಇಷ್ಟು ಯಾಕೆ?’ ಅಂತ ಕೇಳುವವರು. ಗುರು ಆ ಮಾತು ಕೇಳಿಸಿಕೊಂಡು ಅಕ್ಕಿಯನ್ನು ವಾಪಸ್ ಸುರಿದು ಬರುವವನೂ ಆಗಿರಬೇಕು.

ಊ ಬಾ ಖಿನ್ ಲೆಕ್ಕದ ಮನುಷ್ಯ ಅಂದೆನಲ್ಲ. ಅವರ ಪರಂಪರೆಯ ಗೋಯೆಂಕಾ ಶಿಬಿರಗಳಲ್ಲಿ ಊಟ ವಸತಿಗೆ ಶುಲ್ಕವಿಲ್ಲ. ಹತ್ತು ದಿನ ಮುಗಿಸದವರಿಂದ ದಾನ ತೆಗೆದುಕೊಳ್ಳುವುದಿಲ್ಲ. ಪಾಠ ನಡೆಸುವವರಿಗೆ ಸಂಬಳವಿಲ್ಲ. ಆ ಪದ್ಧತಿಯ ಬಗ್ಗೆ ನನಗೆ ಬೇರೆ ತಕರಾರುಗಳಿವೆ. ಅಲ್ಲಿ ಪ್ರಶ್ನೆಗಳಿಗೆ ಜಾಗ ಸಾಲದು ಅನ್ನುವುದು ಅದರಲ್ಲೊಂದು. ಆದರೆ ಹಣದ ವಿಷಯದಲ್ಲಿ ಅವರು ಮಾಡಿರುವ ಏರ್ಪಾಡು ಗಟ್ಟಿಯಾದದ್ದು. ಮುಂಬೈಯ ನಿಸರ್ಗದತ್ತ ಮಹಾರಾಜರು ಕಡೆಯವರೆಗೂ ಖೇತವಾಡಿಯ ಸಣ್ಣ ಅಟ್ಟದ ಕೋಣೆಯಲ್ಲೇ ಜನರನ್ನು ನೋಡುತ್ತಿದ್ದರು. ಬೀಡಿ ಅಂಗಡಿ ಇಟ್ಟು ಬದುಕಿದವರು. ನಮ್ಮವರಿಗೆ ಇದು ಹೊರಗಿನ ಕಥೆಯೂ ಅಲ್ಲ. ಅವರ ಗುರುಪರಂಪರೆಯ ಮೂಲ ವಿಜಯಪುರ ಜಿಲ್ಲೆಯ ಇಂಚಗೇರಿ ಮಠ. ನಿಂಬಾಳದ ಗುರುದೇವ ರಾನಡೆಯವರೂ ಅದೇ ಪರಂಪರೆಯವರು.

ಇಲ್ಲಿಗೆ ಒಂದು ಚೀಟಿ ಬಂದಿದೆ. ‘ಗುರುವನ್ನು ಅಳೆಯುವುದೇ ಅಹಂಕಾರ ಅಲ್ವಾ? ಅಳೆಯುವ ಮನಸ್ಸನ್ನು ಬಿಡುವುದೇ ಸಾಧನೆ ಅಲ್ವಾ?’ ಅಂತ ಕೇಳಿದ್ದಾರೆ. ಬಹಳ ಒಳ್ಳೆಯ ಪ್ರಶ್ನೆ. ಇದನ್ನು ಕೊನೆಗೆ ಇಡದೆ ಈಗಲೇ ತೆಗೆದುಕೊಳ್ಳುತ್ತೇನೆ.

ಧ್ಯಾನಕ್ಕೆ ಕೂತಾಗ ತೀರ್ಪು ಕೊಡಬೇಡ ಅನ್ನುವುದು ಸರಿಯಾದ ಸೂಚನೆ. ಮೊಣಕಾಲು ನೋವು ಬಂತು, ಅದನ್ನು ಬೈಯಬೇಡ, ನೋಡು. ಸಿಟ್ಟು ಬಂತು, ನೋಡು. ಇದು ನಿಮ್ಮ ಒಳಗೆ ಏಳುವ ಸಂಗತಿಗಳ ಬಗ್ಗೆ ಹೇಳಿದ್ದು. ಇದೇ ಸೂಚನೆಯನ್ನು ತೆಗೆದುಕೊಂಡು ಹೋಗಿ ಗುರುವಿನ ಬ್ಯಾಂಕ್ ಖಾತೆಯ ಮೇಲೆ, ಶಿಷ್ಯೆಯ ಮೈಮೇಲೆ ಇಟ್ಟ ಅವನ ಕೈಯ ಮೇಲೆ ಹಾಕಿದರೆ ಅದು ಸಾಧನೆಯಲ್ಲ. ಬಾಯಿ ಮುಚ್ಚಿಸುವುದು ಅಷ್ಟೇ.

ಈ ಕ್ಷಣದ ಪಾಠ ಹೇಳುವ ಕಡೆ ಈ ಅಪಾಯ ಇನ್ನೂ ಜಾಸ್ತಿ. ಇದನ್ನು ಒತ್ತಿ ಹೇಳುತ್ತೇನೆ. ಬೇರೆ ಕಡೆ ತಪ್ಪು ಮಾಡಿದ ಗುರು ಸುಳ್ಳು ಹೇಳಬೇಕಾಗುತ್ತದೆ. ಇಲ್ಲಿ ಅದೂ ಬೇಕಿಲ್ಲ. ‘ನೀವು ಹೋದ ವರ್ಷ ನನಗೆ ಹೀಗೆ ಮಾಡಿದಿರಿ’ ಅಂತ ಒಬ್ಬಳು ಹೇಳಿದರೆ, ‘ನೀನು ಇನ್ನೂ ಹಿಂದಿನದರಲ್ಲೇ ಇದ್ದೀಯಲ್ಲ’ ಅಂದರೆ ಮುಗಿಯಿತು. ‘ಕಟ್ಟಿದ ದುಡ್ಡಿಗೆ ಲೆಕ್ಕ ಕೊಡಿ, ಮುಂದೆ ನಮ್ಮ ಗತಿ ಏನು’ ಅಂದರೆ, ‘ಭವಿಷ್ಯದ ಚಿಂತೆ ಬಿಡು’. ‘ನನಗೆ ಅನುಮಾನ ಇದೆ’ ಅಂದರೆ, ‘ಅನುಮಾನಪಡುವುದು ನಿನ್ನ ಮನಸ್ಸು, ನೀನಲ್ಲ’. ಮೂರೂ ಧ್ಯಾನದ ಮಾತುಗಳೇ. ಸರಿಯಾದ ಜಾಗದಲ್ಲಿ ಮೂರೂ ನಿಜ. ದೂರು ಹೇಳಲು ಬಂದವರ ಮುಂದೆ ಆಡಿದಾಗ ಅದೇ ಮಾತು ಅನ್ಯಾಯವಾಗುತ್ತದೆ. ನಿನ್ನೆಯನ್ನು ಮರೆತುಬಿಡು ಅಂತ ಹೇಳುವ ಹಕ್ಕು, ಆ ನಿನ್ನೆಯಲ್ಲಿ ತಪ್ಪು ಮಾಡಿದವನಿಗೆ ಇಲ್ಲ.

ಒಂದು ನಿಜವಾದ ಉದಾಹರಣೆ. ಸೋಗ್ಯಾಲ್ ರಿನ್‌ಪೋಚೆ ಎಂಬ ಟಿಬೆಟನ್ ಗುರು ಯುರೋಪು, ಅಮೆರಿಕದಲ್ಲಿ ಬಹಳ ದೊಡ್ಡ ಹೆಸರು. ಮನಸ್ಸಿನ ಸಹಜ ಸ್ಥಿತಿಯಲ್ಲಿ ನಿಲ್ಲುವುದನ್ನು ಕಲಿಸುತ್ತಿದ್ದವರು. ರಿಗ್ಪಾ ಎಂಬ ಅವರ ಸಂಸ್ಥೆಗೆ ಹಲವು ದೇಶಗಳಲ್ಲಿ ಕೇಂದ್ರಗಳಿದ್ದವು. 2017ರ ಜುಲೈನಲ್ಲಿ ಅವರ ಎಂಟು ಜನ ಹಳೆಯ ಶಿಷ್ಯರು ಒಂದು ಪತ್ರ ಬರೆದರು. ಹೊಡೆತ, ಅವಮಾನ, ಲೈಂಗಿಕ ಶೋಷಣೆ, ವಿಲಾಸಕ್ಕೆ ಚೆಲ್ಲಿದ ದಾನದ ಹಣ, ಎಲ್ಲವನ್ನೂ ಬರೆದರು. ಇದೆಲ್ಲ ಹೊಸ ಸುದ್ದಿಯಾಗಿರಲಿಲ್ಲ. 1990ರ ದಶಕದಿಂದಲೇ ಆರೋಪಗಳಿದ್ದವು. ಹತ್ತಿರದವರಿಗೆ ‘ಇದು ಗುರುವಿನ ಕೃಪೆ, ನಿನ್ನ ಅಹಂಕಾರ ಒಡೆಯಲು ಮಾಡಿದ್ದು’ ಎಂಬ ವಿವರಣೆ ಸಾಕಾಗಿತ್ತು. ಮರುವರ್ಷ ಹೊರಗಿನ ವಕೀಲರ ಸಂಸ್ಥೆಯೊಂದು ವಿಚಾರಣೆ ನಡೆಸಿ, ದೂರುಗಳಲ್ಲಿ ಬಹುಪಾಲು ನಿಜ ಅಂತ ವರದಿ ಕೊಟ್ಟಿತು. ಅವರು 2019ರಲ್ಲಿ ತೀರಿಕೊಂಡರು.

ಆ ಎಂಟು ಜನರಲ್ಲಿ ದಡ್ಡರು ಯಾರೂ ಇರಲಿಲ್ಲ. ವರ್ಷಗಟ್ಟಲೆ ಸಾಧನೆ ಮಾಡಿದವರು. ಪಾಠದಿಂದ ಅವರಿಗೆ ನಿಜವಾಗಿ ಒಳ್ಳೆಯದೂ ಆಗಿತ್ತು. ಬಾಯಿ ಬಿಡಲು ಇಷ್ಟು ಕಾಲ ಹಿಡಿದದ್ದೂ ಅದಕ್ಕೇ. ‘ನನ್ನ ಮನಸ್ಸನ್ನು ತಿಳಿಯಾಗಿಸಿದ ಮನುಷ್ಯ ಕೆಟ್ಟವನಾಗಿರಲು ಹೇಗೆ ಸಾಧ್ಯ?’ ಆಗಿರಬಹುದು. ತಿಳಿಯಾದದ್ದು ನಿಮ್ಮ ಮನಸ್ಸು. ಅದರಲ್ಲಿ ನಿಮ್ಮ ಶ್ರಮ ಇದೆ, ಆ ಪದ್ಧತಿಯ ಬಲ ಇದೆ. ಹೇಳಿಕೊಟ್ಟವನ ನಡತೆಗೆ ಅದು ಸಾಕ್ಷಿಯಲ್ಲ.

ಟಿಬೆಟನ್ನರ ಸಂಪ್ರದಾಯವೇ ಹೀಗೆ ಅಂತ ತಿಳಿಯಬೇಡಿ. ಗುರುವನ್ನು ಬೇಕಾದರೆ ಹನ್ನೆರಡು ವರ್ಷ ಪರೀಕ್ಷಿಸಿ ಅಂತ ದಲೈ ಲಾಮಾ ಹೇಳುತ್ತಲೇ ಬಂದಿದ್ದಾರೆ. 1993ರಲ್ಲಿ ಧರ್ಮಶಾಲೆಯಲ್ಲಿ ಪಶ್ಚಿಮದ ಬೌದ್ಧ ಶಿಕ್ಷಕರ ಜೊತೆ ಕೂತು ಮಾತಾಡಿದಾಗ, ತಪ್ಪು ಮಾಡುವ ಗುರು ತಿದ್ದಿಕೊಳ್ಳದಿದ್ದರೆ ಅದನ್ನು ಬಹಿರಂಗವಾಗಿ ಹೇಳಿ ಎಂಬ ನಿಲುವಿಗೆ ಬಂದಿದ್ದರು. ನಮ್ಮ ಬೈಲುಕುಪ್ಪೆಗೆ ಹೋದವರು ಸೆರಾ ಮಠದ ಅಂಗಳದಲ್ಲಿ ವಾದ ನಡೆಯುವುದನ್ನು ನೋಡಿರಬಹುದು. ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ಎದುರು ನಿಂತು, ಕಾಲು ನೆಲಕ್ಕೆ ಅಪ್ಪಳಿಸಿ, ಜೋರಾಗಿ ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಚಿಕ್ಕ ಹುಡುಗರೂ ಹಾಗೆ ಕೇಳುತ್ತಾರೆ. ಯಾರೂ ಅದನ್ನು ಅಹಂಕಾರ ಅನ್ನುವುದಿಲ್ಲ. ನಮ್ಮ ಶರಣರಲ್ಲೂ ಅಷ್ಟೇ. ಶೂನ್ಯಸಂಪಾದನೆಯಲ್ಲಿ ಅಲ್ಲಮ ಯಾರನ್ನು ಬಿಟ್ಟಿದ್ದಾನೆ ಹೇಳಿ? ಸೊನ್ನಲಿಗೆಯಲ್ಲಿ ಸಿದ್ಧರಾಮನನ್ನು ಕೆಣಕಿದ. ಕಲ್ಯಾಣಕ್ಕೆ ಬಂದ ಮಹಾದೇವಿಯಕ್ಕನನ್ನು ಎಲ್ಲರೆದುರು ನಿಲ್ಲಿಸಿ ಕೇಳಿದ. ಅವಳು ಹಿಂಜರಿಯದೆ ಉತ್ತರ ಕೊಟ್ಟಳು. ಕೇಳಿದವನೂ ಸಣ್ಣವನಾಗಲಿಲ್ಲ, ಹೇಳಿದವಳೂ ಸಣ್ಣವಳಾಗಲಿಲ್ಲ.

ಇನ್ನು ಜೆ. ಕೃಷ್ಣಮೂರ್ತಿಯವರ ವಿಷಯ. ಇದು ನನಗೆ ಎಲ್ಲಕ್ಕಿಂತ ಕಷ್ಟದ್ದು, ಯಾಕೆಂದರೆ ಅವರ ಮಾತಿನಿಂದ ನಾನು ಬಹಳ ಪಡೆದುಕೊಂಡಿದ್ದೇನೆ. ಮದನಪಲ್ಲಿಯಲ್ಲಿ 1895ರಲ್ಲಿ ಹುಟ್ಟಿದ ಹುಡುಗ. 1909ರಲ್ಲಿ ಅಡ್ಯಾರಿನ ಸಮುದ್ರ ತೀರದಲ್ಲಿ ಥಿಯಾಸಫಿಕಲ್ ಸೊಸೈಟಿ ಎಂಬ ಆಧ್ಯಾತ್ಮಿಕ ಸಂಘಟನೆಯ ಮುಖಂಡ ಲೆಡ್‌ಬೀಟರ್ ಕಣ್ಣಿಗೆ ಬಿದ್ದ. ಇವನೇ ಮುಂದಿನ ಜಗದ್ಗುರು ಅಂದುಬಿಟ್ಟರು. 1911ರಲ್ಲಿ ಅವನಿಗಾಗಿಯೇ ಒಂದು ಸಂಘ ಕಟ್ಟಿದರು. 1929ರ ಆಗಸ್ಟ್ 3ರಂದು ಹಾಲೆಂಡಿನ ಓಮ್ಮೆನ್‌ನಲ್ಲಿ, ಸೊಸೈಟಿಯ ಅಧ್ಯಕ್ಷೆ ಆನಿ ಬೆಸೆಂಟ್ ಎದುರಿಗೇ, ಸಾವಿರಾರು ಸದಸ್ಯರ ಎದುರಿಗೇ, ಅವರು ಆ ಸಂಘವನ್ನು ವಿಸರ್ಜಿಸಿದರು. ಸತ್ಯಕ್ಕೆ ಗೊತ್ತುಮಾಡಿದ ದಾರಿ ಅಂತ ಇಲ್ಲ, ನನಗೆ ಶಿಷ್ಯರು ಬೇಡ ಅಂದರು. ಬಂದಿದ್ದ ಕೋಟೆ, ಜಮೀನು ಕೊಟ್ಟವರಿಗೆ ವಾಪಸ್ ಹೋಯಿತು. ಮೂವತ್ತೈದು ದಾಟದ ಯುವಕ ಸಿಂಹಾಸನದಿಂದ ಇಳಿದು ನಡೆದುಬಿಟ್ಟ. ಇಂಥದ್ದು ಚರಿತ್ರೆಯಲ್ಲಿ ಅಪರೂಪ.

ಆಮೇಲೆ ಅರವತ್ತು ವರ್ಷಕ್ಕೆ ಹತ್ತಿರ ಅವರು ಹೇಳಿದ್ದು ಒಂದೇ: ಆಯ್ಕೆ ಮಾಡದೆ, ಹೆಸರಿಡದೆ, ಇರುವುದನ್ನು ನೋಡಿ. ಬೆಂಗಳೂರಿಗೂ ಬಂದು ಮಾತಾಡಿದ್ದಾರೆ. ಕನಕಪುರ ರಸ್ತೆಯಲ್ಲಿ ಅವರ ಹೆಸರಿನ ಪ್ರತಿಷ್ಠಾನದ ಶಾಲೆ ಇದೆ. 1986ರಲ್ಲಿ ಅವರು ಕ್ಯಾಲಿಫೋರ್ನಿಯಾದ ಓಹೈನಲ್ಲಿ ತೀರಿಕೊಂಡರು. ಐದು ವರ್ಷದ ನಂತರ, ಅವರ ಕಣ್ಣೆದುರಿಗೇ ಬೆಳೆದ ಹೆಣ್ಣುಮಗಳೊಬ್ಬರು, ರಾಧಾ ರಾಜಗೋಪಾಲ್ ಸ್ಲಾಸ್, ಒಂದು ಪುಸ್ತಕ ಬರೆದರು. ತಮ್ಮ ತಾಯಿ ರೊಸಾಲಿಂಡ್ ಮತ್ತು ಕೃಷ್ಣಮೂರ್ತಿಯವರ ನಡುವೆ ಬಹಳ ವರ್ಷ ಗುಟ್ಟಾದ ಸಂಬಂಧ ಇತ್ತು. ತಂದೆ ರಾಜಗೋಪಾಲ್ ಕೃಷ್ಣಮೂರ್ತಿಯವರ ಪುಸ್ತಕ, ಹಣಕಾಸು ಎಲ್ಲ ನೋಡಿಕೊಳ್ಳುತ್ತಿದ್ದ ಗೆಳೆಯ. ಆ ಗೆಳೆತನ 1960ರ ದಶಕದಲ್ಲಿ ಮುರಿದು, ಆಸ್ತಿಯ ವಿಷಯ ಕೋರ್ಟು ಮೆಟ್ಟಿಲೇರಿತ್ತು. ಪುಸ್ತಕ ಬಂದ ಮೇಲೆ ಕೆಲವರು ಅದು ದ್ವೇಷದಿಂದ ಬರೆದದ್ದು ಅಂದರು. ಹತ್ತಿರದ ಗೆಳತಿಯೊಬ್ಬರು ಉತ್ತರವನ್ನೂ ಬರೆದರು. ಕೆಲವರು ಎಲ್ಲ ಬಿಟ್ಟು ಹೊರಟುಹೋದರು.

ನನ್ನ ಮಾತು ಕೇಳಿ. ಇಬ್ಬರು ದೊಡ್ಡವರು ಪ್ರೀತಿಸಿದ್ದು ನನಗೆ ದೊಡ್ಡ ವಿಷಯ ಅಲ್ಲ. ನೋವು ತರುವುದು ಮುಚ್ಚಿಟ್ಟದ್ದು. ಇರುವುದನ್ನು ಇರುವ ಹಾಗೆ ನೋಡಿ ಅಂತ ಲೋಕಕ್ಕೆಲ್ಲ ಹೇಳುವಾಗ, ಒಂದೇ ಆವರಣದಲ್ಲಿ ಇರುವುದನ್ನು ಇಲ್ಲ ಅನ್ನುವ ಹಾಗೆ ಬದುಕಿದ್ದು. ‘ನಾನು ಗುರುವಲ್ಲ’ ಅಂತ ಹೇಳಿಬಿಟ್ಟರೆ ಗುರುವಿಗಿರುವ ಜವಾಬ್ದಾರಿಯಿಂದ ಬಿಡುಗಡೆ ಸಿಗುವುದಿಲ್ಲ. ಜನ ಎದುರಿಗೆ ಕೂತು ತಮ್ಮ ಜೀವನವನ್ನೇ ತಿರುಗಿಸಿಕೊಳ್ಳುತ್ತಿದ್ದಾರಲ್ಲ. ಬಸವಣ್ಣ ಕೇಳಿದ್ದು ಅದನ್ನೇ: ‘ನುಡಿಯೊಳಗಾಗಿ ನಡೆಯದಿದ್ದರೆ ಕೂಡಲಸಂಗಮದೇವನೆಂತೊಲಿವನಯ್ಯಾ?’ ಮುತ್ತಿನ ಹಾರದಂಥ ನುಡಿ ಇದ್ದರೂ ಈ ಪ್ರಶ್ನೆ ತಪ್ಪುವುದಿಲ್ಲ. ಹಾಗೆಂದು ಆ ನುಡಿಯನ್ನು ನಾನು ಎಸೆದಿಲ್ಲ. ಭಯವನ್ನು ಓಡಿಸದೆ ಅದರ ಜೊತೆ ಇರು ಅಂತ ಅವರು ಹೇಳಿದ್ದನ್ನು ನಾನು ಮಾಡಿ ನೋಡಿದ್ದೇನೆ, ಅದು ನಿಜ. ಅವರ ಫೋಟೊ ಎದುರು ಕೈಮುಗಿಯುವುದು ಮಾತ್ರ ಬಿಟ್ಟಿದ್ದೇನೆ. ಅವರೂ ಅದನ್ನೇ ಕೇಳಿದ್ದರು ಅಲ್ವಾ?

ಇನ್ನೊಂದು ಸಂಗತಿ ಬೇಗ ಹೇಳಿ ಮುಗಿಸುತ್ತೇನೆ. ಧ್ಯಾನ ಎಲ್ಲರಿಗೂ ಶಾಂತಿಯನ್ನೇ ಕೊಡುತ್ತದೆ ಅನ್ನುವುದು ಸುಳ್ಳು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಧ್ಯಾನಿಗಳನ್ನೂ ಶಿಕ್ಷಕರನ್ನೂ ಮಾತಾಡಿಸಿ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಿದ್ದೆ ಹೋಗುವುದು, ವಿಪರೀತ ಭಯ, ಹಳೆಯ 	ಆಘಾತಗಳು ಮರುಕಳಿಸುವುದು, ತಾನು ತಾನಲ್ಲ ಅನ್ನಿಸಿ ಕಂಗಾಲಾಗುವುದು, ಎಲ್ಲ ಅದರಲ್ಲಿದೆ. ಕೆಲವರಿಗೆ ಆಸ್ಪತ್ರೆಯೂ ಬೇಕಾಯಿತು. ಗುರುವನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಶಿಬಿರದ ಐದನೆಯ ದಿನ ನೀವು ಎದ್ದು ಬಂದು ‘ನನಗೆ ಎರಡು ರಾತ್ರಿಯಿಂದ ನಿದ್ದೆ ಇಲ್ಲ, ಹೆದರಿಕೆ ಆಗುತ್ತಿದೆ’ ಅಂದರೆ ಅವರು ಏನು ಮಾಡುತ್ತಾರೆ? ‘ಹೊಲಸು ಹೊರಗೆ ಬರುತ್ತಿದೆ, ಮುಂದುವರಿಸು’ ಅಂದರೆ ಅಲ್ಲಿಂದ ಹೊರಡಿ. ‘ಇವತ್ತು ಕೂರಬೇಡಿ, ಊಟ ಮಾಡಿ, ಹೊರಗೆ ನಡೆದಾಡಿ, ಮನೆಯವರಿಗೆ ಫೋನ್ ಮಾಡೋಣ, ಬೇಕಾದರೆ ಡಾಕ್ಟರನ್ನು ನೋಡೋಣ’ ಅಂದರೆ ಅಂಥವರ ಹತ್ತಿರ ಇರಬಹುದು. ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಇಂಥ ಶಿಬಿರಕ್ಕೆ ಹೋಗಬೇಡಿ. ಯಾವ ಗುರು ಹೇಳಿದರೂ ಮಾತ್ರೆ ನಿಲ್ಲಿಸಬೇಡಿ.

ಹಿಂದಿನ ಸಾಲಿನ ಹುಡುಗಿ ಕೈ ಎತ್ತಿದಳು. ‘ಜೊತೆಯಲ್ಲಿ ಬದುಕಿ ನೋಡಬೇಕು ಅಂತೀರಿ ಸರ್, ನಾವು ನೋಡುವುದೇ ಫೋನಿನಲ್ಲಿ. ಆ ಗುರು ಇರುವುದು ಯಾವುದೋ ದೇಶದಲ್ಲಿ’ ಅಂತ. ನಿಜಮ್ಮಾ. ಫೋನಿನಿಂದ ಉಸಿರು ನೋಡುವುದನ್ನು ಕಲಿಯಿರಿ, ಅಡ್ಡಿಯಿಲ್ಲ. ಫೋನಿನಲ್ಲಿ ಕಂಡವರಿಗೆ ಶರಣಾಗುವುದು ಮಾತ್ರ ಬೇಡ. ಹತ್ತಿರ ಹೋಗಲೇಬೇಕು ಅನ್ನಿಸಿದರೆ ಮೊದಲು ಅಲ್ಲಿಂದ ಬಿಟ್ಟು ಬಂದವರನ್ನು ಹುಡುಕಿ ಮಾತಾಡಿಸಿ. ಅಲ್ಲಿರುವವರು ಹೇಳುವ ಹೊಗಳಿಕೆ ಎಲ್ಲ ಕಡೆ ಒಂದೇ ಥರ ಇರುತ್ತದೆ. ಬಿಟ್ಟವರ ಬಗ್ಗೆ ಆ ಸಂಸ್ಥೆ ಹೇಗೆ ಮಾತಾಡುತ್ತದೆ ಅಂತಲೂ ಕೇಳಿಸಿಕೊಳ್ಳಿ. ‘ಪಾಪ, ಅವರಿಗೆ ಇನ್ನೂ ಸಮಯ ಬಂದಿಲ್ಲ’ ಅಂದರೂ ಎಚ್ಚರ, ‘ಅವರು ಶತ್ರುಗಳು’ ಅಂದರೂ ಎಚ್ಚರ. ಅಡುಗೆಯವರ ಜೊತೆ, ಕಸ ಗುಡಿಸುವವರ ಜೊತೆ, ದುಡ್ಡು ಕೊಡಲಾಗದವರ ಜೊತೆ ಗುರು ಹೇಗಿರುತ್ತಾರೆ ಅಂತ ನೋಡಿ. ಲೆಕ್ಕ ಕೇಳಿದರೆ ತೋರಿಸುತ್ತಾರಾ ನೋಡಿ.

ಕೊನೆಯ ಪ್ರಶ್ನೆ ಹಿರಿಯರೊಬ್ಬರದು. ಗುರು ಜಾರಿದರೆ ಸಾಧನೆಯನ್ನೂ ಬಿಡಬೇಕಾ? ಇದಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಝೆನ್ ಸೆಂಟರಿನ ಕಥೆ ಹೇಳುತ್ತೇನೆ. ಶುನ್‌ರ್ಯು ಸುಝುಕಿ ಎಂಬ ಜಪಾನೀ ಗುರು 1962ರಲ್ಲಿ ಅದನ್ನು ಶುರು ಮಾಡಿದರು. ಸುಮ್ಮನೆ ಕೂರುವುದೇ ಅಲ್ಲಿಯ ಸಾಧನೆ. ಅವರು 1971ರಲ್ಲಿ ತೀರಿಕೊಂಡರು. ಸುಝುಕಿಯವರೇ ಆರಿಸಿದ್ದ ರಿಚರ್ಡ್ ಬೇಕರ್ ಪೀಠಕ್ಕೆ ಬಂದರು. 1983ರಲ್ಲಿ ಬೇಕರ್ ಶಿಷ್ಯೆಯರ ಜೊತೆ ಇಟ್ಟುಕೊಂಡ ಸಂಬಂಧಗಳು ಹೊರಬಂದವು. ಶಿಷ್ಯರು ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದಾಗ ಗುರು ದುಬಾರಿ ಕಾರಿನಲ್ಲಿ ಓಡಾಡುತ್ತಿದ್ದದ್ದೂ ಚರ್ಚೆಗೆ ಬಂತು. ಬಹಳ ಜನ ಬಿಟ್ಟುಹೋದರು, ಅವರದ್ದು ತಪ್ಪಲ್ಲ. ಬೇಕರ್ ರಾಜೀನಾಮೆ ಕೊಟ್ಟರು. ಉಳಿದವರು ಬೆಳಗಿನ ಧ್ಯಾನವನ್ನು ನಿಲ್ಲಿಸಲಿಲ್ಲ. ಜೊತೆಗೆ ವರ್ಷಗಟ್ಟಲೆ ಸಭೆ ಸೇರಿ, ಜಗಳವಾಡಿ, ಗುರುಗಳಾದವರು ಏನು ಮಾಡಬಾರದು ಅಂತ ನಿಯಮ ಬರೆದರು. ದೂರು ಕೊಡಲು ದಾರಿ ಮಾಡಿದರು. ಮುಖ್ಯಸ್ಥರಿಗೆ ಇಂತಿಷ್ಟೇ ವರ್ಷ ಅಂತ ಅವಧಿ ಗೊತ್ತುಮಾಡಿದರು. ಆ ಕೇಂದ್ರ ಈಗಲೂ ನಡೆಯುತ್ತಿದೆ.